ನೀರಿಗೂ ನಡಿಗೆ ಬೇಕು

ಹವಳ ಅಂದರೆ ನಮಗೆ ಹೆಂಗಸರಿಗೆ ತಟ್ಟನೆ ನೆನಪಾಗುವುದು ಮಾಂಗಲ್ಯದ ಸರ. ಕರಿಮಣಿಯ ನಡುವೆ ಕೂರುವ ಆ ಕೆಂಪು ಮಣಿ ಅಸಲಿಯೋ ನಕಲಿಯೋ ಎಂದು ಅಕ್ಕಸಾಲಿಗರನ್ನು ಕೇಳಿರುತ್ತೇವೆ. ಅದು ಒಂದು ಕಾಲಕ್ಕೆ ಸಮುದ್ರದೊಳಗೆ ಉಸಿರಾಡುತ್ತಿದ್ದ ಪ್ರಾಣಿಯ ಗೂಡು ಎಂಬ ಯೋಚನೆ ಮಾತ್ರ ಯಾರಿಗೂ ಬರುವುದಿಲ್ಲ. ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ ಆಳದ್ದು. ನಾನು ಇಲ್ಲಿ ಹೇಳಹೊರಟಿರುವುದು ಅದರ ದಾಯಾದಿಗಳ ವಿಷಯ. ಬಿಸಿಲು ಬೀಳುವ ಬೆಚ್ಚನೆಯ ನೀರಿನಲ್ಲಿ ದಿಬ್ಬ ಕಟ್ಟಿಕೊಂಡು ಬಾಳುವ ಹವಳಗಳು ಇವು. ಹೊರದೇಶಗಳಲ್ಲಿ ಇವನ್ನು ಮನೆಯ ಹಾಲ್‌ನಲ್ಲೇ, ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ನಾವು ತುಳಸಿ, ಗುಲಾಬಿ ಬೆಳೆಸಿದ ಹಾಗೆ!

ಇಂಥದೊಂದು ತೊಟ್ಟಿ ಕಾಗದದ ಮೇಲೆ ಗೆರೆಯಾಗಿದ್ದಾಗಿನಿಂದ ನೀರು ತುಂಬಿ ಜೀವ ತಳೆಯುವವರೆಗೆ ಪಕ್ಕದಲ್ಲೇ ನಿಂತು ನೋಡುವ ಅವಕಾಶ ನನಗೆ ಸಿಕ್ಕಿತು. ಮೀನು, ಬಣ್ಣ, ದೀಪ ಇವೆಲ್ಲ ಆಮೇಲಿನ ಮಾತು. ಮೊದಲು ಯೋಚಿಸಬೇಕಾದ್ದು ನೀರು ಹೇಗೆ ಓಡಾಡಬೇಕು, ಓಡಾಟ ನಿಂತುಹೋದರೆ ಏನು ಗತಿ ಎಂಬುದನ್ನು. ಸಂಪು, ಓವರ್‌ಹೆಡ್ ಟ್ಯಾಂಕು, ಮೋಟಾರು, ಕರೆಂಟು ಎಂದು ದಿನವೂ ಒದ್ದಾಡುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುವ ವಿಷಯ.

೨೦೧೯ರ ಮೇ ತಿಂಗಳಲ್ಲಿ ನಾವಿಬ್ಬರೂ ಕ್ಯಾಲಿಫೋರ್ನಿಯಾದ ಮಗಳ ಮನೆಗೆ ಹೋದೆವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕೆ, ಒಣಹುಲ್ಲಿನ ಗುಡ್ಡಗಳ ಮಗ್ಗುಲಲ್ಲಿರುವ ಊರು. ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದ ಚಿಂತೆ ಹಿಡಿದು ನಮ್ಮವರು ಒಂದೂವರೆ ತಿಂಗಳಿಗೇ ವಾಪಸಾದರು. ನಾನು ಉಳಿದೆ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಳಿಯಂದಿರು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದರು.

ನಮ್ಮ ಕಡೆ ಅತ್ತೆಗೂ ಅಳಿಯನಿಗೂ ಎಷ್ಟು ಮಾತು ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ. "ಕಾಫಿ ಕೊಡ್ಲಾ?" "ಕೊಡಿ ಅತ್ತೆ." ಮುಗಿಯಿತು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ನಮ್ಮ ಮಾತು ಅದಕ್ಕಿಂತ ಮುಂದಕ್ಕೆ ಹೋಗಿರಲಿಲ್ಲ. ಅವರು ಸ್ವಭಾವತಃ ಮಿತಭಾಷಿ. ನನಗೂ ಮೇಲೆ ಬಿದ್ದು ಮಾತಾಡಿಸುವ ಅಭ್ಯಾಸ ಇಲ್ಲ.

ಅವರ ಮನೆಯಲ್ಲಿ ನಾಲ್ಕು ಅಡಿ ಉದ್ದದ ಹಳೆಯ ತೊಟ್ಟಿಯೊಂದಿತ್ತು. ಅದರಲ್ಲಿದ್ದ ಹವಳಗಳೆಲ್ಲ ಏಳು ವರ್ಷದಿಂದ ಬೆಳೆಸಿದವು. ನಾವು ದಾಸವಾಳದ ಕಡ್ಡಿ ಮುರಿದು ಪಕ್ಕದ ಮನೆಯವರಿಗೆ ಕೊಡುವುದಿಲ್ಲವೇ? ಅಲ್ಲಿ ಹವಳ ಸಾಕುವವರು ಹಾಗೆಯೇ ಚೂರು ಮುರಿದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ಬೆರಳ ತುದಿಯಷ್ಟಿದ್ದ ಚೂರುಗಳು ಬೊಗಸೆಯಷ್ಟಾಗಿ, ಜಾಗ ಸಾಲದೆ ಒಂದಕ್ಕೊಂದು ಕುಟುಕುತ್ತಿದ್ದವು. ಹೌದು, ಅಕ್ಕಪಕ್ಕದ ಹವಳಗಳು ಜಾಗಕ್ಕಾಗಿ ಜಗಳವಾಡುತ್ತವೆ! ಅದಕ್ಕೇ ಅಳಿಯಂದಿರು ದೊಡ್ಡ ತೊಟ್ಟಿಗೆ ಮನಸ್ಸು ಮಾಡಿದ್ದರು. ಊಟದ ಮೇಜಿನ ಮೇಲೆ ಯಾವಾಗಲೂ ಒಂದು ದೊಡ್ಡ ಹಾಳೆ ಹರಡಿರುತ್ತಿತ್ತು.

ಮಗಳಿಗೆ ಅದು ಕಣ್ಣಿಗೆ ಬಿದ್ದರೆ ಸಾಕು, ಮುಖ ಗಂಟು. "ಅಮ್ಮ, ಈ ತೊಟ್ಟಿ ನಮ್ಮನೇನೇ ನುಂಗತ್ತೆ ನೋಡ್ತಿರು. ದುಡ್ಡು ನುಂಗಿದ್ದಾಯ್ತು, ಭಾನುವಾರ ನುಂಗಿದ್ದಾಯ್ತು, ಇನ್ನು ಕರೆಂಟ್ ಬಿಲ್ಲು ಬಾಕಿ" ಎನ್ನುತ್ತಿದ್ದಳು. ಅಳಿಯಂದಿರು ಮಾತಾಡದೆ ಹಾಳೆ ಸುತ್ತಿಡುತ್ತಿದ್ದರು. ಆ ಮೌನ ನನಗೆ ಸರಿಬರುತ್ತಿರಲಿಲ್ಲ. ಗಂಡ ಹೆಂಡಿರ ನಡುವೆ ಜಗಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ, ಮಾತೇ ನಿಂತರೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ.

ಒಂದು ದಿನ ಮಧ್ಯಾಹ್ನ ನಾನೇ ಕೇಳಿದೆ: "ಇದರಲ್ಲಿ ಎಷ್ಟು ಕೊಡ ನೀರು ಹಿಡಿಯುತ್ತೆ?" ಅವರು ತಲೆಯೆತ್ತಿ ನೋಡಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕೂತ್ಕೊಳ್ಳಿ ಅತ್ತೆ, ಹೇಳ್ತೀನಿ" ಎಂದರು.

ಎಂಟು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಹಿಡಿಯುವ ನೀರು ಸುಮಾರು ೯೦೦ ಲೀಟರ್. ಲೀಟರಿಗೆ ೩೫ ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಬೇಕು. ಎಂದರೆ ಒಮ್ಮೆ ತುಂಬಲು ೩೧ ಕಿಲೋಗೂ ಹೆಚ್ಚು ಉಪ್ಪು! ಉಪ್ಪುನೀರಿನ ತೂಕವೇ ೯೦೦ ಕಿಲೋ ದಾಟುತ್ತದೆ. ಅದಕ್ಕೇ ನೆಲಮಹಡಿಯ ಕಾಂಕ್ರೀಟು ನೆಲದ ಮೇಲೆ ಜಾಗ ಗೊತ್ತುಮಾಡಿದ್ದರು.

"ಇಷ್ಟು ನೀರು ತುಂಬಿಟ್ಟರೆ ಸಾಲದೇ? ಪಂಪು ಯಾಕೆ ಇಷ್ಟೊಂದು?" ಎಂದು ಕೇಳಿದೆ. ಹಾಳೆಯಲ್ಲಿ ಐದಾರು ಪಂಪು ಬರೆದಿದ್ದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೀನು ಈಜಿ ಹೋಗಿ ತಿನ್ನುತ್ತದೆ, ಉಸಿರು ಸಾಲದಾದರೆ ಮೇಲೆ ಬರುತ್ತದೆ. ಹವಳ ಕೂತಲ್ಲಿಂದ ಏಳಲಾರದು. ಅದರ ಊಟ, ಉಸಿರು ಎರಡನ್ನೂ ನೀರೇ ಬಾಗಿಲಿಗೆ ತಂದು ಕೊಡಬೇಕು, ಕಸವನ್ನೂ ನೀರೇ ಒಯ್ಯಬೇಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಹಗಲು ಬೆಳಕಿನಲ್ಲಿ ಅದು ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ, ಜೊತೆಗೆ ಆಮ್ಲಜನಕವನ್ನೂ ಬಿಡುತ್ತದೆ. ಆ ಆಮ್ಲಜನಕ ಮೈಗೆ ಅಂಟಿಕೊಂಡು ಹೆಚ್ಚಾದರೆ ಹವಳಕ್ಕೇ ಕೇಡು, ಅದನ್ನು ನೀರು ತೊಳೆದೊಯ್ಯಬೇಕು. ರಾತ್ರಿಯಾದರೆ ವಿಷಯ ತಿರುಗುಮುರುಗು. ಆಗ ಎಲ್ಲ ಜೀವಗಳೂ ಆಮ್ಲಜನಕ ಬಳಸುವವೇ, ಕೊಡುವವರು ಯಾರೂ ಇಲ್ಲ. ಆಗಲೂ ನೀರೇ ಓಡಾಡಿ ತರಬೇಕು.

ನೀರು ಹರಿಯುತ್ತಿದ್ದರೂ ಹವಳದ ಮೈಗೆ ಒತ್ತಿಕೊಂಡು ತೆಳುವಾದ ಒಂದು ಪದರ ಮಾತ್ರ ನಿಂತೇ ಇರುತ್ತದಂತೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ ಅಂದುಕೊಳ್ಳಿ. ಹರಿವು ಜೋರಾದಷ್ಟೂ ಆ ಪದರ ತೆಳುವಾಗುತ್ತದೆ, ಉಸಿರಾಟ ಸುಲಭವಾಗುತ್ತದೆ. ೧೯೯೮ರಲ್ಲಿ ಸಮುದ್ರ ಕಾದು ಪ್ರಪಂಚದ ಎಷ್ಟೋ ಕಡೆ ಹವಳಗಳು ಬಿಳಿಚಿಕೊಂಡು ಸತ್ತವು. ಆಗ ನೀರಿನ ಹರಿವು ಚೆನ್ನಾಗಿದ್ದ ಕಡೆಯ ಹವಳಗಳು ಹೆಚ್ಚು ಉಳಿದದ್ದಕ್ಕೆ ಈ ಹರಿವೂ ಒಂದು ಕಾರಣವೆಂದು ೨೦೦೧ರಲ್ಲಿ ಇಬ್ಬರು ವಿಜ್ಞಾನಿಗಳು ತೋರಿಸಿಕೊಟ್ಟರು. ಇದನ್ನು ಕೇಳಿದ ಮೇಲೆ ಪಂಪುಗಳ ಮೇಲೆ ನನಗೆ ಗೌರವ ಬಂತು.

ಇನ್ನು ಲೆಕ್ಕ. ಪಂಪಿನಲ್ಲಿ ಎರಡು ಜಾತಿ. ಒಂದು ನೀರು ಎತ್ತುವ ಪಂಪು, ಇನ್ನೊಂದು ನೀರು ಕಲಕುವ ಪಂಪು.

ದೊಡ್ಡ ತೊಟ್ಟಿಯ ಕೆಳಗೆ, ಬೀರುವಿನೊಳಗೆ ಇನ್ನೊಂದು ಚಿಕ್ಕ ತೊಟ್ಟಿ ಇರುತ್ತದೆ. ಅದಕ್ಕೆ ಅವರೂ ಸಂಪು ಎಂದೇ ಕರೆಯುವುದನ್ನು ಕೇಳಿ ನನಗೆ ನಗು ಬಂತು. ಮೇಲಿನ ನೀರು ಅಂಚಿನ ಕಿಂಡಿಯಿಂದ ತುಳುಕಿ ಪೈಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಅಲ್ಲಿ ಸ್ಕಿಮ್ಮರ್ ಎಂಬ ಸಲಕರಣೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ ಕೊಳೆಯನ್ನೆಲ್ಲ ನೊರೆಯಾಗಿ ಮೇಲೆ ತರುತ್ತದೆ. ಬೇಳೆ ಕುದಿಯುವಾಗ ನಾವು ನೊರೆ ತೆಗೆದು ಚೆಲ್ಲುವುದಿಲ್ಲವೇ, ಅದೇ ಕೆಲಸ. ಶುದ್ಧವಾದ ನೀರನ್ನು ಪಂಪು ಮತ್ತೆ ಮೇಲಕ್ಕೆ ಎತ್ತುತ್ತದೆ. ಗಂಟೆಗೆ ತೊಟ್ಟಿಯ ನೀರಿನ ಐದು ಪಟ್ಟು ಹೀಗೆ ಸುತ್ತಿದರೆ ಸಾಕು. ಎಂದರೆ ೪೫೦೦ ಲೀಟರ್.

"ಹಾಗಾದ್ರೆ ೪೫೦೦ ಲೀಟರಿನ ಪಂಪು ತಂದರಾಯ್ತಲ್ಲ" ಎಂದೆ. ಇಲ್ಲೇ ಇರುವುದು ಸೂಕ್ಷ್ಮ. ಡಬ್ಬದ ಮೇಲೆ ಅಚ್ಚು ಹಾಕಿರುವ ಅಂಕಿ ನೀರನ್ನು ಒಂದಿಷ್ಟೂ ಎತ್ತದೆ ಸುಮ್ಮನೆ ಹರಿಸಿದಾಗಿನದು. ನಮ್ಮ ಬೋರ್‌ವೆಲ್ಲಿನ ವಿಷಯವೇ ತಗೊಳ್ಳಿ, ನೀರು ಕೆಳಕ್ಕಿಳಿದಷ್ಟೂ ಅದೇ ಮೋಟಾರು ಕಡಮೆ ನೀರು ಕೊಡುತ್ತದೆ. ಇಲ್ಲಿಯೂ ಐದಾರು ಅಡಿ ಎತ್ತಬೇಕು. ಜೊತೆಗೆ ಪೈಪಿನ ಪ್ರತಿಯೊಂದು ತಿರುವೂ ಸ್ವಲ್ಪ ಸ್ವಲ್ಪ ಕದಿಯುತ್ತದೆ. ಎತ್ತರಕ್ಕೆ ತಕ್ಕಂತೆ ಎಷ್ಟು ನೀರು ಬರುತ್ತದೆ ಎಂದು ಪಂಪಿನ ಜೊತೆ ಒಂದು ನಕ್ಷೆ ಕೊಟ್ಟಿರುತ್ತಾರೆ, ಅದನ್ನು ನೋಡಿಯೇ ಕೊಳ್ಳಬೇಕು. ಕೊನೆಗೆ ಅವರು ತರಿಸಿದ್ದು ಡಬ್ಬದ ಮೇಲೆ ಗಂಟೆಗೆ ೯೦೦೦ ಲೀಟರ್ ಎಂದು ಬರೆದಿದ್ದ ಪಂಪು. ಪೈಪನ್ನು ಒಂದು ಅಳತೆ ದಪ್ಪ ಮಾಡಿಸಿ, ಚೌಕ ತಿರುವುಗಳ ಬದಲು ಓರೆ ತಿರುವು ಹಾಕಿಸಿದರು. "ನಮ್ಮ ಮಾವನವರಿಗೆ ತೋರಿಸಿದ್ರೆ ಸರಿ ಅಂತಾರಾ ಅತ್ತೆ?" ಎಂದು ಅವರು ಕೇಳಿದಾಗ ನನಗೆ ಒಳಗೊಳಗೇ ಸಂತೋಷ. ಆ ರಾತ್ರಿ ಫೋನಿನಲ್ಲಿ ಮಾವ ಅಳಿಯ ಅರ್ಧ ಗಂಟೆ ಪೈಪಿನ ವಿಷಯ ಮಾತಾಡಿದರು!

ನೀರು ಇಳಿದುಬರುವುದಕ್ಕೆ ಮೂರು ಪೈಪು. ಒಂದು ಯಾವಾಗಲೂ ತುಂಬಿ ಹರಿಯುವುದು, ಅದನ್ನು ಗೇಟ್ ವಾಲ್ವಿನಿಂದ ಹದಮಾಡಬೇಕು. ಇನ್ನೊಂದರಲ್ಲಿ ಸಣ್ಣಗೆ ಜಿನುಗುತ್ತಿರುತ್ತದೆ. ಮೂರನೆಯದು ಖಾಲಿ. ಮೊದಲಿನೆರಡು ಕಟ್ಟಿಕೊಂಡರೆ ಮನೆಯೊಳಗೆ ನೀರು ನುಗ್ಗದಿರಲಿ ಎಂದು ಕಾವಲಿಗೆ ಇಟ್ಟದ್ದು. ಆ ಕಾವಲಿನ ಪೈಪಿಗೆ ಯಾವ ವಾಲ್ವೂ ಹಾಕಬಾರದು.

ಇಷ್ಟು ಕೇಳಿದ ಮೇಲೆ ನನ್ನ ಬಾಯಿಂದ ಬಂದದ್ದು ನಿಮ್ಮೆಲ್ಲರ ಬಾಯಿಂದಲೂ ಬರುತ್ತಿದ್ದ ಮಾತೇ: "ಕರೆಂಟ್ ಹೋದರೆ?"

ಅವರು ಅದಕ್ಕೆ ಒಂದು ಉತ್ತರ ಬರೆದೇ ಇಟ್ಟಿದ್ದರು. ಪಂಪು ನಿಂತ ಕ್ಷಣ ಮೇಲಿನ ನೀರು ಕಿಂಡಿಯ ಮಟ್ಟಕ್ಕೆ ಬರುವವರೆಗೆ ಸಂಪಿಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಮೇಲಕ್ಕೆ ನೀರು ಕೊಡುತ್ತಿದ್ದ ಪೈಪು ಈಗ ಉಲ್ಟಾ ಎಳೆಯಲು ತೊಡಗುತ್ತದೆ. ನಮ್ಮ ಮನೆಗಳಲ್ಲಿ ವಸುದೇವ ಕೃಷ್ಣನನ್ನು ಹೊತ್ತಿರುವ ಹಿತ್ತಾಳೆ ಬಟ್ಟಲು ಇರುತ್ತಿತ್ತು, ನೆನಪಿದೆಯೇ? ನೀರು ಹೊಯ್ಯುತ್ತಾ ಹೋದರೆ, ಕೃಷ್ಣನ ಪಾದ ಮುಟ್ಟಿದ ತಕ್ಷಣ ಎಲ್ಲ ನೀರೂ ತಳದಿಂದ ಹರಿದುಹೋಗುತ್ತದೆ. ನಮ್ಮಜ್ಜಿ ಅದನ್ನು ಯಮುನೆ ದಾರಿ ಬಿಟ್ಟಳು ಎನ್ನುತ್ತಿದ್ದರು. ಒಳಗೆ ಬಾಗಿದ ಕೊಳವೆಯೊಂದು ಇರುತ್ತದೆ, ಅದು ತುಂಬಿದ ಮೇಲೆ ನೀರನ್ನು ಎಳೆದುಕೊಂಡೇ ಹೋಗುತ್ತದೆ, ಗಾಳಿ ಸಿಗುವವರೆಗೆ ನಿಲ್ಲುವುದಿಲ್ಲ. ತೊಟ್ಟಿಯ ಪೈಪಿನ ಬಾಯಿ ಆಳದಲ್ಲಿದ್ದರೆ ಅರ್ಧ ತೊಟ್ಟಿಯೇ ನೆಲಕ್ಕೆ ಬಂದೀತು. ಅದಕ್ಕೇ ಆ ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆಯುತ್ತಾರೆ. ನೀರು ಅಲ್ಲಿಗೆ ಇಳಿದೊಡನೆ ಗಾಳಿ ಹೊಕ್ಕು ಎಳೆತ ಕಡಿಯುತ್ತದೆ. ತೂತಿನಲ್ಲಿ ಪಾಚಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ನಾನ್ ರಿಟರ್ನ್ ವಾಲ್ವು ಹಾಕಿದರೂ ಅದನ್ನೇ ನಂಬಿ ಕೂರುವಂತಿಲ್ಲ. ಒಂದು ಬಸವನಹುಳು ಅಡ್ಡ ಕೂತರೆ ಸಾಕು, ಅದು ಮುಚ್ಚುವುದಿಲ್ಲ.

ಅಷ್ಟಗಲದ ತೊಟ್ಟಿಯಲ್ಲಿ ನೀರು ಒಂದೇ ಒಂದು ಅಂಗುಲ ಇಳಿದರೂ ೩೮ ಲೀಟರ್! ಎರಡು ಅಂಗುಲ ಇಳಿದರೆ ೭೬. ಪೈಪು, ಸ್ಕಿಮ್ಮರ್‌ನೊಳಗಿನದು ಸೇರಿ ೯೦ ಲೀಟರ್ ಎನ್ನಿ. ಸಂಪಿನಲ್ಲಿ ಅಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಜುಲೈನಲ್ಲಿ ತೊಟ್ಟಿ ಬಂದು ಕೂತ ಮೇಲೆ, ಒಂದು ಜೀವವನ್ನೂ ಬಿಡುವ ಮುಂಚೆ, ಬರೀ ನೀರು ತುಂಬಿಸಿ ಪಂಪು ಓಡಿಸಿ, ಬೇಕೆಂದೇ ಸ್ವಿಚ್ ಆರಿಸಿದೆವು. ಮೊಮ್ಮಗಳು ಪುಟ್ಟಿ ಸಂಪಿನ ಮುಂದೆ ಕೂತು, "ಅಜ್ಜೀ, ಬರ್ತಾ ಇದೆ, ಬರ್ತಾ ಇದೆ" ಎಂದು ಕೂಗುತ್ತಿದ್ದಳು. ನೀರು ಅಂಚಿಗೆ ಮೂರು ಬೆರಳು ಇರುವಾಗ ನಿಂತಿತು. ಪಂಪು ಓಡುವಾಗ ಸಂಪಿನ ನೀರು ಇಷ್ಟಕ್ಕಿಂತ ಮೇಲೆ ಇರಕೂಡದು ಎಂದು ಗೆರೆ ಎಳೆದು ಬಣ್ಣದ ಪಟ್ಟಿ ಅಂಟಿಸಿದರು. ಇಂಥ ತೊಟ್ಟಿ ಇಡುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಎರಡನೆಯ ಜಾತಿಯ ಪಂಪು ತೊಟ್ಟಿಯೊಳಗೇ ಗಾಜಿಗೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಇದು ನೀರು ಎತ್ತುವುದಿಲ್ಲ, ಫ್ಯಾನಿನ ಹಾಗೆ ತಳ್ಳುತ್ತದೆ. ಕವಲು ಕವಲಾಗಿ ಬೆಳೆಯುವ ಅಕ್ರೋಪೋರದಂಥ ಹವಳಗಳಿಗೆ ಗಂಟೆಗೆ ತೊಟ್ಟಿಯ ನೀರಿನ ೪೦ ಪಟ್ಟಾದರೂ ಓಡಾಟ ಬೇಕು. ೯೦೦ ಲೀಟರಿಗೆ ೩೬,೦೦೦ ಲೀಟರ್. ಅದಕ್ಕೇ ತಲಾ ೧೦,೦೦೦ ಲೀಟರಿನ ನಾಲ್ಕು ಪಂಪು, ಎರಡು ಕೊನೆಗೆ ಎರಡೆರಡು. ಮೆತ್ತಗಿನ ಅಣಬೆ ಹವಳಗಳಿಗೆ ಇಷ್ಟು ರಭಸ ಆಗದು, ಅವಕ್ಕೆ ಕೆಳಗಿನ ಮರೆಯ ಜಾಗ. ಉದ್ದ ಬೆರಳುಗಳನ್ನು ಚಾಚುವ ಯೂಫಿಲಿಯಕ್ಕೆ ಮೆಲ್ಲನೆ ತೂಗಾಡುವಷ್ಟು ಹರಿವು ಸಾಕು, ಜೋರಾದರೆ ಅದರ ಮಾಂಸ ತನ್ನದೇ ಎಲುಬಿಗೆ ತಾಗಿ ಹರಿಯುತ್ತದೆ. ಒಂದೇ ಮನೆಯಲ್ಲಿ ಒಬ್ಬರಿಗೆ ಖಾರ ಬೇಕು, ಇನ್ನೊಬ್ಬರಿಗೆ ಸಪ್ಪೆ. ಬಡಿಸುವವರು ನೋಡಿ ಬಡಿಸಬೇಕು, ಅಷ್ಟೆ.

ಎಷ್ಟು ಎಂಬುದರಷ್ಟೇ ಮುಖ್ಯ ಹೇಗೆ ಎಂಬುದು. ಕೊಳಾಯಿ ಬಿಟ್ಟ ಹಾಗೆ ಒಂದೇ ಕಡೆ ರಭಸವಾಗಿ ಹೊಡೆದರೆ ಹವಳದ ಚರ್ಮ ಕಿತ್ತುಬರುತ್ತದೆ. ಸಮುದ್ರದಲ್ಲಿ ಅಲೆ ಬರುತ್ತದೆ, ಹಿಂತಿರುಗುತ್ತದೆ. ಹಾಗೆಯೇ ಎಡಗಡೆ ಪಂಪು ಸ್ವಲ್ಪ ಹೊತ್ತು, ಬಲಗಡೆಯದು ಸ್ವಲ್ಪ ಹೊತ್ತು. ಒಮ್ಮೊಮ್ಮೆ ಎರಡೂ ಎದುರುಬದುರಾಗಿ ನೀರು ಗಲಿಬಿಲಿಯಾಗಬೇಕು. ಒಂದು ಪಂಪಾದರೂ ಮೇಲ್ಮುಖವಾಗಿದ್ದು ನೀರಿನ ಮೇಲ್ಮೈ ಯಾವಾಗಲೂ ಕದಡುತ್ತಿರಬೇಕು, ಗಾಳಿ ನೀರಿಗೆ ಸೇರುವುದು ಅಲ್ಲಿಂದಲೇ. ಕಲ್ಲುಗಳನ್ನು ಹಿಂದಿನ ಗಾಜಿಗೆ ಒತ್ತಿ ಜೋಡಿಸಬಾರದು, ನಾಲ್ಕು ಅಂಗುಲ ಬಿಡಬೇಕು. ಇಲ್ಲದಿದ್ದರೆ ಹಿಂದೆ ಕಸ ಕೂರುತ್ತದೆ. ಅಳಿಯಂದಿರು ಮೀನಿನ ಆಹಾರ ಒಂದು ಚಿಟಿಕೆ ಉದುರಿಸಿ, ಅದು ಎಲ್ಲೆಲ್ಲಿ ಹೋಗಿ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. "ಆ ಮೂಲೇಲಿ ಕೂತ್ಕೊಳ್ತಾ ಇದೆ ನೋಡಿ" ಎಂದು ತೋರಿಸುವುದು ನನ್ನ ಕೆಲಸ. ಮೂಲೆಯ ಕಸ ಕಾಣಿಸುವ ಕಣ್ಣು ನಮಗೆ ಗುಡಿಸಿ ಗುಡಿಸಿ ಬಂದಿರುತ್ತದೆ!

ಆಗಸ್ಟಿನಲ್ಲಿ ಒಂದು ಶನಿವಾರ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿರುವ ಸ್ಟೈನ್‌ಹಾರ್ಟ್ ಅಕ್ವೇರಿಯಂಗೆ ಎಲ್ಲರೂ ಹೋದೆವು. ೨೦೦೮ರಲ್ಲಿ ತೆರೆದ ಹೊಸ ಕಟ್ಟಡದಲ್ಲಿ ಫಿಲಿಪೈನ್ಸಿನ ಹವಳದ ದಿಬ್ಬದ ಮಾದರಿಯಿದೆ. ೨೫ ಅಡಿ ಆಳ, ಸುಮಾರು ೮ ಲಕ್ಷ ಲೀಟರ್ ನೀರು. ಗಾಜಿನ ಮುಂದೆ ನಿಂತರೆ ಒಳಗೆ ಪ್ರತಿಯೊಂದೂ ತೂಗುತ್ತಿರುತ್ತದೆ. ಅಳಿಯಂದಿರು ಹವಾಯಿಯ ವೈಕಿಕಿ ಅಕ್ವೇರಿಯಂನ ನಿರ್ದೇಶಕರಾಗಿದ್ದ ಬ್ರೂಸ್ ಕಾರ್ಲ್‌ಸನ್ ಅವರ ಉಪಾಯವನ್ನು ಅಲ್ಲೇ ಹೇಳಿದರು. ಮೇಲೊಂದು ತೊಟ್ಟಿ ನಿಧಾನವಾಗಿ ತುಂಬುತ್ತದೆ, ತುಂಬಿದ ತಕ್ಷಣ ಬಾಗಿದ ಪೈಪಿನಿಂದ ಇಡೀ ನೀರು ಒಮ್ಮೆಲೇ ಅಲೆಯಾಗಿ ಕೆಳಗಿಳಿಯುತ್ತದೆ, ಮತ್ತೆ ತುಂಬತೊಡಗುತ್ತದೆ. "ಅಯ್ಯೋ, ವಸುದೇವನ ಬಟ್ಟಲೇ!" ಎಂದೆ. ಮಗಳೂ ನಕ್ಕಳು. ಅವಳು ಗಾಜಿಗೆ ಕೈ ಒತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು.

ಆದರೆ ಕರೆಂಟ್ ಬಿಲ್ಲಿನ ಮಾತು ಬಾಕಿ ಇತ್ತಲ್ಲ. ಒಂದು ಸಂಜೆ ಮೂವರೂ ಕೂತು ಲೆಕ್ಕ ಹಾಕಿದೆವು. ಎತ್ತುವ ಪಂಪು ೬೦ ವ್ಯಾಟ್, ಕಲಕುವ ನಾಲ್ಕು ಸೇರಿ ೧೨೦, ಸ್ಕಿಮ್ಮರ್ ೨೦. ಒಟ್ಟು ೨೦೦ ವ್ಯಾಟ್. ಹಗಲು ರಾತ್ರಿ ಓಡಿದರೆ ದಿನಕ್ಕೆ ಐದು ಯೂನಿಟ್ಟಿಗೆ ಸ್ವಲ್ಪ ಕಡಮೆ, ತಿಂಗಳಿಗೆ ಸುಮಾರು ೧೪೫ ಯೂನಿಟ್. ದೀಪ, ಹೀಟರು ಬೇರೆ. ಮಗಳು ಅಂಕಿ ನೋಡಿ ಮುಖ ಸಿಂಡರಿಸಿದಳು, ಆದರೆ ಅಂದುಕೊಂಡಷ್ಟಿಲ್ಲ ಎಂದು ಒಪ್ಪಿದಳು. ಖರ್ಚಿಗಿಂತ, ತನಗೆ ಯಾರೂ ಲೆಕ್ಕ ಹೇಳಿರಲಿಲ್ಲ ಎಂಬುದೇ ಅವಳ ಸಿಟ್ಟಾಗಿತ್ತು ಎಂದು ನನಗೆ ಅನ್ನಿಸಿತು.

ಅದೇ ಹೊತ್ತಿಗೆ ನಾನು ನನ್ನ ಹಳೆಯ ಪ್ರಶ್ನೆಯನ್ನೇ ಇನ್ನೊಮ್ಮೆ ಎತ್ತಿದೆ. "ಕರೆಂಟ್ ಹೋದರೆ ನೆಲಕ್ಕೆ ನೀರು ಬರಲ್ಲ ಅಂತಾಯ್ತು. ಒಳಗಿರೋ ಜೀವಗಳ ಗತಿ?" ಬೆಚ್ಚಗಿನ ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಕಡಮೆ. ಓಡಾಟ ಪೂರ್ತಿ ನಿಂತರೆ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ, ರಾತ್ರಿಯಾದರೆ ಇನ್ನೂ ಬೇಗ. "ಇಲ್ಲಿ ಕರೆಂಟ್ ಹೋಗೋದೇ ಅಪರೂಪ ಅತ್ತೆ" ಎಂದರು. "ನಮ್ಮಲ್ಲಿ ಇನ್ವರ್ಟರ್ ಇಲ್ಲದ ಮನೆ ಯಾವುದಿದೆ ಹೇಳಿ" ಎಂದೆ. ಮಗಳು, "ಅಮ್ಮ, ನೀನೂ ಇವರ ಜೊತೆ ಸೇರ್ಕೊಂಡ್ಯಾ?" ಎಂದಳು. ಆದರೂ ಲೆಕ್ಕ ಹಾಕಿದೆವು. ಕರೆಂಟಿಲ್ಲದಾಗ ನೀರು ಎತ್ತುವ ಪಂಪು ಬೇಕಿಲ್ಲ. ಕಲಕುವ ಪಂಪುಗಳಲ್ಲಿ ಎರಡು ನಿಧಾನವಾಗಿ ಓಡಿದರೆ ಸಾಕು, ಅದಕ್ಕೆ ೩೦ ವ್ಯಾಟ್. ೧೨ ವೋಲ್ಟಿನ ೧೦೦ ಆಂಪಿಯರ್-ಅವರ್ ಬ್ಯಾಟರಿ ಎರಡು. ಅರ್ಧದಷ್ಟೇ ಬಳಸಬೇಕು, ಪೂರ್ತಿ ಇಳಿಸಿದರೆ ಬ್ಯಾಟರಿ ಕೆಡುತ್ತದೆ. ೧೨೦೦ ವ್ಯಾಟ್-ಅವರ್ ಭಾಗಿಸು ೩೦, ಎಂದರೆ ೪೦ ಗಂಟೆ. ಬ್ಯಾಟರಿ ಬಂತು. ಸೆಪ್ಟೆಂಬರಿನಲ್ಲಿ ಹಳೆಯ ತೊಟ್ಟಿಯ ಹವಳಗಳು, ಮೀನುಗಳು ಒಂದೊಂದಾಗಿ ಹೊಸ ಮನೆಗೆ ಬಂದವು.

ಅಕ್ಟೋಬರಿನಲ್ಲಿ ಆ ಗುಡ್ಡಗಳ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಬಿರುಗಾಳಿಗೆ ವಿದ್ಯುತ್ ತಂತಿಯ ಕಿಡಿ ಬಿದ್ದರೆ ಕಾಡಿಗೆ ಕಾಡೇ ಉರಿಯುತ್ತದೆ. ಅದಕ್ಕೇ ಗಾಳಿಯ ಮುನ್ಸೂಚನೆ ಇದ್ದಾಗ ಕಂಪನಿಯವರೇ ಮೊದಲು ತಿಳಿಸಿ ಕರೆಂಟು ತೆಗೆಯುತ್ತಾರೆ. ೨೦೧೯ರ ಅಕ್ಟೋಬರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಲಕ್ಷಗಟ್ಟಲೆ ಮನೆಗಳಿಗೆ ಹೀಗಾಯಿತು. ನಮ್ಮ ಸರದಿ ಬಂದದ್ದು ೨೬ನೇ ತಾರೀಕು ಶನಿವಾರ ಸಂಜೆ. ಮರುದಿನ ನರಕ ಚತುರ್ದಶಿ. ಆ ಸಂಜೆ ನಮಗೆ ನೀರು ತುಂಬುವ ಹಬ್ಬ! ನಾನು ಎಣ್ಣೆನೀರಿಗೆಂದು ಪಾತ್ರೆ ತೊಳೆದು ನೀರು ತುಂಬಿ, ಕುಂಕುಮ ಇಟ್ಟು ನಿಂತಿದ್ದೆ. ಫಕ್ಕನೆ ಎಲ್ಲ ಆರಿತು. ತೊಟ್ಟಿಯ ಗುಯ್ ಶಬ್ದವೂ ನಿಂತಿತು. ಒಂದು ಕ್ಷಣ, ಅಷ್ಟೆ. ಬ್ಯಾಟರಿ ಹಿಡಿದುಕೊಂಡಿತು, ಎರಡು ಪಂಪು ಮೆಲ್ಲಗೆ ತಿರುಗಿದವು. ಸಂಪಿನ ನೀರು ಬಣ್ಣದ ಪಟ್ಟಿಯಿಂದ ಮೇಲೇರಿ, ಅಂಚಿಗೆ ಮೂರು ಬೆರಳು ಇರುವಾಗ ನಿಂತಿತು.

ಹೀಟರ್ ಇಲ್ಲ. ಅಲ್ಲಿ ಅಕ್ಟೋಬರಿನ ರಾತ್ರಿ ಚಳಿ. ಗಾಜಿಗೆ ಸುತ್ತಲೂ ರಜಾಯಿ ಸುತ್ತಿದೆವು, ಮೇಲ್ಭಾಗ ಮಾತ್ರ ಗಾಳಿಯಾಡಲೆಂದು ತೆರೆದಿಟ್ಟೆವು. ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹೊತ್ತಿಸಿ ನೀರು ಕಾಯಿಸಿ, ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತೊಟ್ಟಿಯಲ್ಲಿ ತೇಲಿಬಿಟ್ಟೆವು. ಹತ್ತು ಬಾಟಲಿಗೆ ಒಂದು ಡಿಗ್ರಿಯೂ ಪೂರ್ತಿ ಏರುವುದಿಲ್ಲ. ಆದರೂ ಇಳಿಯುವುದನ್ನು ತಡೆಯುತ್ತದೆ. ಹಬ್ಬದ ಎಣ್ಣೆನೀರು ನಮಗಿಂತ ಮೊದಲು ಮೀನುಗಳಿಗಾಯಿತು.

ಭಾನುವಾರ ಹಣತೆ ಹಚ್ಚಲೂ ಭಯ, ಹೊರಗೆ ಹೊಗೆ ವಾಸನೆ. ದೇವರ ಮುಂದೆ ಮಾತ್ರ ಎರಡು ಹಚ್ಚಿದೆವು. ಕರೆಂಟು ಬರಲಿಲ್ಲ. ಅಳಿಯಂದಿರು ಸಂಜೆ ಕಾರಿನಿಂದ ತಂತಿ ಎಳೆದು ಬ್ಯಾಟರಿಗೆ ಸ್ವಲ್ಪ ಜೀವ ತುಂಬಿದರು. ರಾತ್ರಿ ಎರಡು ಗಂಟೆಗೆ ಒಂದು ಬ್ಯಾಟರಿ ಕೈಕೊಟ್ಟಿತು, ಒಂದು ಪಂಪು ನಿಂತಿತು. ಹಳದಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು.

ನಾನು ಎದ್ದು ಬರುವಷ್ಟರಲ್ಲಿ ಮಗಳು ಸ್ಟೂಲಿನ ಮೇಲೆ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೊಂಬು. ತೊಟ್ಟಿಯ ನೀರನ್ನು ಮೊಗೆದು,  ಎತ್ತರದಿಂದ ಹೊಯ್ಯುತ್ತಿದ್ದಳು. ಮತ್ತೆ ಮೊಗೆಯುವುದು, ಮತ್ತೆ ಹೊಯ್ಯುವುದು. ನಾವು ಕಾಫಿ ಎತ್ತಿ ಹೊಯ್ದು ನೊರೆ ಬರಿಸುತ್ತೇವಲ್ಲ, ಹಾಗೆಯೇ. "ಗಾಳಿ ಸೇರತ್ತಲ್ವಾ ಅಮ್ಮ?" ಎಂದಳು. ಸೇರುತ್ತದೆ, ಅದು ಸರಿಯಾದ ಉಪಾಯವೇ. ಅಳಿಯಂದಿರು ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ, ಆದರೆ ಅದು ಊಟದ ಮೇಜಿನ ಆ ಮೌನ ಆಗಿರಲಿಲ್ಲ. ಬೆಳಗಿನವರೆಗೆ ಮೂವರೂ ಸರದಿಯ ಮೇಲೆ ಹೊಯ್ದೆವು.

ಸೋಮವಾರ ಮಧ್ಯಾಹ್ನ ಕರೆಂಟು ಬಂತು. ನೀರು ೨೬ ಡಿಗ್ರಿಯಿಂದ ೨೩ಕ್ಕೆ ಇಳಿದಿತ್ತು. ಒಂದು ಕವಲು ಹವಳದ ತುದಿಗಳು ಬೆಳ್ಳಗಾದವು, ಒಂದು ಪುಟ್ಟ ಮೀನು ಹೋಯಿತು. ಉಳಿದದ್ದೆಲ್ಲ ಉಳಿಯಿತು. ಅದೇ ವಾರ ಮೂರನೆಯ ಬ್ಯಾಟರಿ ತರಿಸಿದವಳು ಮಗಳೇ.

ನವೆಂಬರಿನಲ್ಲಿ ನಾನು ಹೊರಡುವ ಮುಂಚೆ ಪಂಪುಗಳನ್ನು ಬಿಚ್ಚಿ ತೊಳೆದುಕೊಟ್ಟೆ. ಅವುಗಳ ಮೇಲೂ ಸುಣ್ಣದ ಪದರ ಕಟ್ಟುತ್ತದೆ. ವಿನಿಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಓಡಿಸಿ, ಹಳೆಯ ಬ್ರಷ್ಷಿನಿಂದ ಉಜ್ಜಿದರೆ ಹೊಸದರಂತಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಇದು ಆಗಬೇಕು. ಈಗ ಆ ಕೆಲಸ ಮಗಳದು. ಫೋನ್ ಮಾಡಿದಾಗಲೆಲ್ಲ ಅಳಿಯಂದಿರು ತೊಟ್ಟಿಯನ್ನು ತೋರಿಸಿ, "ಅತ್ತೆ, ಮೂಲೇಲಿ ಕಸ ಕೂತಿದ್ಯಾ ನೋಡಿ" ಎನ್ನುತ್ತಾರೆ.

ಓದುಗ ಸೋದರಿಯರು ಇದನ್ನು ಓದಿ ಹವಳ ತರಲು ಹೊರಡಬೇಡಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ಕೀಳುವುದು, ಮಾರುವುದು ಅಪರಾಧ. ನೋಡುವ ಆಸೆಯಿದ್ದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಸಮುದ್ರವೇ ಅವನ್ನು ಸಾಕುತ್ತಿದೆ. ಅಲ್ಲಿ ಪಂಪೂ ಬೇಡ, ಬ್ಯಾಟರಿಯೂ ಬೇಡ.

ಆದರೆ ನಿಮ್ಮ ಮನೆಯಲ್ಲಿ ಮಕ್ಕಳು ತಂದ ಸಾದಾ ಮೀನಿನ ತೊಟ್ಟಿ ಇದ್ದರೂ ನಾಲ್ಕು ಮಾತು ನೆನಪಿಡಿ. ನೀರಿನ ಮೇಲ್ಮೈ ಯಾವಾಗಲೂ ಅಲುಗುತ್ತಿರಲಿ. ಗಾಳಿ ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಿಡಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಬಂದು ಪಂಪಿಗೂ ಸ್ವಿಚ್ಚಿಗೂ ಇಳಿದೀತು. ಸೆಲ್ಲಿನಿಂದ ಓಡುವ ಚಿಕ್ಕ ಗಾಳಿ ಪಂಪೊಂದು ಬೀರುವಿನಲ್ಲಿರಲಿ. ಅದೂ ಇಲ್ಲದ ದಿನ, ಒಂದು ಚೊಂಬು ತಗೊಂಡು ಮೊಗೆದು ಹೊಯ್ಯಿರಿ. ಅದಕ್ಕೆ ಕರೆಂಟು ಬೇಕಿಲ್ಲ.